ಶ್ವಾಸಕೋಶದ ವಾಲ್ವ್ ಸುದ್ದಿಯಾಯಿತು, ಊದಿಸಿ ನೋಡುವ ಯಂತ್ರ ತಾಲೂಕಿಗೆ ಯಾವಾಗ?

ಮಾನ್ಯ ಸಂಪಾದಕರೇ,

ಶ್ವಾಸನಾಳದೊಳಗೆ ಪುಟ್ಟ ವಾಲ್ವ್ ಕೂರಿಸಿ ದಮ್ಮಿನ ಕಾಯಿಲೆಯವರಿಗೆ ಉಸಿರು ಸಲೀಸು ಮಾಡುವ ಚಿಕಿತ್ಸೆಯ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಈಚೆಗೆ ವರದಿ ಬಂದಿತ್ತು. ‘ಕತ್ತರಿಯಿಲ್ಲ, ಹೊಲಿಗೆಯಿಲ್ಲ’ ಎಂದು ದಪ್ಪ ಅಕ್ಷರದ ಶೀರ್ಷಿಕೆ. ಆ ಪುಟದ ಫೋಟೊ ತೆಗೆದು ನನ್ನ ಮೊಬೈಲಿಗೆ ಕಳುಹಿಸಿದವರು ಬಹಳ ಮಂದಿ. ಕಟಪಾಡಿಯ ಆಸುಪಾಸಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಊರವರಿಗೆ ಇಂದಿಗೂ ‘ಸಿಸ್ಟರ್’. “ಸಿಸ್ಟರ್, ಇದನ್ನು ನಮ್ಮ ತಂದೆಯವರಿಗೆ ಹಾಕಿಸಬಹುದೇ? ಎಷ್ಟು ಖರ್ಚಾಗುತ್ತದೆ?” ಎಂದು ಎಲ್ಲರದ್ದೂ ಒಂದೇ ಪ್ರಶ್ನೆ. ನನ್ನ ಸ್ವಂತ ಅಣ್ಣ ಇದೇ ಕಾಯಿಲೆಯವನು, ಅವನನ್ನು ಈ ಚಿಕಿತ್ಸೆಯ ತಪಾಸಣೆಗೆ ಕರೆದುಕೊಂಡು ಹೋಗಿದ್ದವಳು ನಾನೇ ಎಂಬುದು ಅವರಿಗೆಲ್ಲ ಗೊತ್ತು. ಫೋನಿನಲ್ಲಿ ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನು ಒಟ್ಟಿಗೆ ಬರೆದರೆ ಇನ್ನಷ್ಟು ಮನೆಗಳಿಗೆ ತಲುಪೀತು ಎಂಬ ಆಸೆಯಿಂದ ಈ ಪತ್ರ. ತುಸು ದೀರ್ಘವಾಗಿದೆ, ದಯವಿಟ್ಟು ಪೂರ್ತಿ ಪ್ರಕಟಿಸಬೇಕು.

ತಮ್ಮ ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ವಾಲ್ವ್ ಕೂರಿಸುವ ಆ ಕೋಣೆಯ ಬಾಗಿಲಿನ ತನಕ ನಮ್ಮ ಹಳ್ಳಿಯ ರೋಗಿ ತಲುಪುವುದು ಹೇಗೆ ಎಂಬುದು ಅದರಲ್ಲಿ ಇರಲಿಲ್ಲ. ತಲುಪಿದವರಲ್ಲಿಯೂ ಹೆಚ್ಚಿನವರು ಏಕೆ ಹಿಂದಿರುಗಬೇಕಾಗುತ್ತದೆ ಎಂಬುದೂ ಇರಲಿಲ್ಲ. ಈ ಎರಡನ್ನು ಬಿಟ್ಟು ಬರೆದರೆ ಓದುಗರಲ್ಲಿ ಹುಟ್ಟುವ ಆಸೆಗೆ ಆಧಾರ ಇರುವುದಿಲ್ಲ. ದಮ್ಮು ಕಟ್ಟಿದ ಮನುಷ್ಯನಿಗೆ ಸುಳ್ಳು ಆಸೆ ಹುಟ್ಟಿಸುವುದು ನನಗೆ ಸಹಿಸಲಾಗದ ಸಂಗತಿ.

ಮೊದಲು ಕಾಯಿಲೆಯ ವಿಚಾರ. ಸಿಒಪಿಡಿ ಎಂದು ವೈದ್ಯರು ಬರೆಯುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯ ಒಂದು ರೂಪ ಎಂಫಿಸೀಮಾ. ಶ್ವಾಸಕೋಶದ ತುದಿಯಲ್ಲಿರುವ ಗಾಳಿಚೀಲಗಳ ನಡುವಿನ ತೆಳುಗೋಡೆಗಳು ವರ್ಷಾನುವರ್ಷ ಹೊಗೆ ಕುಡಿದು ಹರಿದುಹೋಗುತ್ತವೆ. ಸಣ್ಣ ಸಣ್ಣ ಚೀಲಗಳೆಲ್ಲ ಕೂಡಿ ದೊಡ್ಡ ಪೊಳ್ಳಾಗುತ್ತದೆ, ಬಿಗು ಕಳೆದುಕೊಳ್ಳುತ್ತದೆ. “ಉಸಿರು ಒಳಗೆ ಹೋಗುವುದೇ ಇಲ್ಲ” ಎಂದು ರೋಗಿ ಎದೆ ತಟ್ಟಿಕೊಂಡು ಹೇಳುತ್ತಾನೆ. ನಿಜವಾದ ತೊಂದರೆ ಇರುವುದು ಹೊರಗೆ ಹೋಗುವುದರಲ್ಲಿ. ಹಳೆಯ ಗಾಳಿ ಪೂರ್ತಿ ಹೊರಬೀಳದೆ ಒಳಗೇ ಉಳಿಯುತ್ತದೆ, ಹೊಸ ಗಾಳಿಗೆ ಜಾಗವೇ ಸಿಗುವುದಿಲ್ಲ. ಹಾಳಾದ ಭಾಗ ಉಬ್ಬಿಕೊಂಡು ಪಕ್ಕದ ಒಳ್ಳೆಯ ಭಾಗವನ್ನು ಅದುಮುತ್ತದೆ, ಕೆಳಗಿರುವ ವಪೆಯನ್ನು, ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಚಪ್ಪಟೆಯಾಗಿಸುತ್ತದೆ. ವಪೆ ಏರಿಳಿಯದಿದ್ದರೆ ಉಸಿರಾಟಕ್ಕೆ ಬಲ ಎಲ್ಲಿಂದ ಬರಬೇಕು? ಅಣ್ಣ ಮಾತನಾಡುವಾಗ ಕೊರಳಿನ ನರಗಳು ಬಿಗಿಯುವುದನ್ನು, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಊರಿ ಭುಜ ಎತ್ತಿ ಉಸಿರೆಳೆಯುವುದನ್ನು ನೋಡಿದವರಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ.

ಇನ್ನು ವಾಲ್ವ್. ನಮ್ಮ ಕಡೆ ಬಾವಿಗೆ ಪಂಪು ಹಾಕಿಸಿದವರಿಗೆಲ್ಲ ಫೂಟ್ ವಾಲ್ವ್ ಗೊತ್ತು. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಇಳಿಯಲು ಬಿಡುವುದಿಲ್ಲ. ಶ್ವಾಸನಾಳದ ವಾಲ್ವ್ ಮಾಡುವುದೂ ಅದೇ ಕೆಲಸ. ಹಾಳಾದ ಹಾಲೆಗೆ (ಶ್ವಾಸಕೋಶದ ದೊಡ್ಡ ಭಾಗಗಳಲ್ಲಿ ಒಂದಕ್ಕೆ) ಹೋಗುವ ಕವಲುಗಳಲ್ಲಿ ಅದನ್ನು ಕೂರಿಸಿದರೆ ಗಾಳಿ ಹೊರಗೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಕಫವೂ ಹೊರಗೆ ಬರಬಹುದು. ಆ ಹಾಲೆ ಕ್ರಮೇಣ ಕುಗ್ಗಿ ಮುದುಡುತ್ತದೆ, ಅದುಮಿಹೋಗಿದ್ದ ಒಳ್ಳೆಯ ಭಾಗ ಅರಳುತ್ತದೆ, ವಪೆಗೆ ಮತ್ತೆ ಓಡಾಡಲು ಎಡೆಯಾಗುತ್ತದೆ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ನಿಟಿನಾಲ್ ಎಂಬ ಲೋಹದ ಜಾಲರಿ, ಅದರೊಳಗೆ ಸಿಲಿಕೋನಿನ ಒಮ್ಮುಖ ಬಾಯಿ. ಬ್ರಾಂಕೋಸ್ಕೋಪ್ ಎಂಬ ಕೊಳವೆಯನ್ನು ಗಂಟಲಿನ ಮೂಲಕ ಇಳಿಸಿ, ಒಬ್ಬ ರೋಗಿಗೆ ಸಾಮಾನ್ಯವಾಗಿ ಮೂರರಿಂದ ಐದು ವಾಲ್ವ್ ಹಾಕುತ್ತಾರೆ. ಎದೆ ಕೊಯ್ಯುವುದಿಲ್ಲ. ಬೇಡವೆನಿಸಿದರೆ ಅದೇ ದಾರಿಯಲ್ಲಿ ಹೊರತೆಗೆಯಬಹುದು.

ಹಾಳಾದ ಭಾಗವನ್ನು ಕುಗ್ಗಿಸಿದರೆ ಉಳಿದ ಭಾಗ ಚೇತರಿಸಿಕೊಳ್ಳುತ್ತದೆ ಎಂಬ ಯೋಚನೆ ಹಳೆಯದು. ಎದೆ ತೆರೆದು ಆ ಭಾಗವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ ಮೊದಲಿನಿಂದಲೂ ಇದೆ. ಅಮೆರಿಕದಲ್ಲಿ 1218 ರೋಗಿಗಳನ್ನು ಸೇರಿಸಿಕೊಂಡು ಅದರ ದೊಡ್ಡ ಅಧ್ಯಯನ ನಡೆದು 2003ರಲ್ಲಿ ಪ್ರಕಟವಾಯಿತು. ಮೇಲಿನ ಹಾಲೆಯಲ್ಲಿ ಕಾಯಿಲೆ ಹೆಚ್ಚಿದ್ದು, ನಡೆಯುವ ಶಕ್ತಿ ಕುಂದಿದ್ದವರಿಗೆ ಅದರಿಂದ ಅನುಕೂಲವಾಯಿತು; ಕಾಯಿಲೆ ಬಹಳ ಮುಂದುವರಿದಿದ್ದ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಪ್ರಾಣಕ್ಕೆ ಎರವಾಯಿತು. ಕೊಯ್ಯದೆ ಅದೇ ಫಲ ಪಡೆಯುವ ದಾರಿ ಹುಡುಕುತ್ತ ಹುಡುಕುತ್ತ ವಾಲ್ವ್ ಬಂದಿದೆ. ಚಿಕಿತ್ಸೆಗಳನ್ನು ತೂಗಿ ನೋಡಿ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2017ರಲ್ಲಿ ಇದರ ಬಗ್ಗೆ ಮಾರ್ಗಸೂಚಿ ನೀಡಿತು. ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಅಮೆರಿಕದ ಎಫ್‌ಡಿಎ 2018ರ ಜೂನ್‌ನಲ್ಲಿ ಝೆಫಿರ್ ಎಂಬ ವಾಲ್ವಿಗೂ ಅದೇ ವರ್ಷ ಡಿಸೆಂಬರಿನಲ್ಲಿ ಸ್ಪಿರೇಶನ್ ಎಂಬುದಕ್ಕೂ ಒಪ್ಪಿಗೆ ಕೊಟ್ಟಿತು.

ಈಗ ಅಣ್ಣನ ವಿಷಯಕ್ಕೆ ಬರುತ್ತೇನೆ. ನಮ್ಮ ತವರುಮನೆ ಶಿರ್ವದ ಆಚೆ. ಅಣ್ಣ ಹರೆಯದಲ್ಲೇ ಮಂಗಳೂರಿಗೆ ಹೋಗಿ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವನು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಆ ಉದ್ಯಮ ನಮ್ಮ ಕರಾವಳಿಯ ಅದೆಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ನಮ್ಮ ಮನೆಗೂ ಕೊಟ್ಟಿದೆ. ಅವನ ಪಾಲಿಗೆ ಬಂದದ್ದು ಗೂಡಿನ ಕೆಲಸ. ಸೌದೆ ಉರಿಯುವ ಗೂಡಿನ ಬಾಯಲ್ಲಿ ಹಗಲಿಡೀ ನಿಲ್ಲಬೇಕು, ಬಿಡುವಿನಲ್ಲಿ ಬೀಡಿ. ಅಂಗಿಯ ಕಿಸೆಯಲ್ಲಿ ಬೀಡಿಕಟ್ಟು ಇಲ್ಲದ ಅಣ್ಣನನ್ನು ನಾನು ನೋಡಿದ್ದೇ ತೀರಾ ಈಚೆಗೆ. ಕಾರ್ಖಾನೆ ಮುಚ್ಚಿದ ಮೇಲೆ ಊರಿಗೆ ಬಂದು ಗದ್ದೆ ತೋಟ ನೋಡಿಕೊಂಡ. ಆಮೇಲೆ ಕೆಮ್ಮು, ಆಮೇಲೆ ಏದುಸಿರು. ತೋಟದಿಂದ ಅಂಗಳಕ್ಕೆ ಹತ್ತುವ ಮುರಕಲ್ಲಿನ ಮೆಟ್ಟಿಲುಗಳ ನಡುವೆ ಕುಳಿತು ದಣಿವಾರಿಸಿಕೊಳ್ಳುವುದು ಅಭ್ಯಾಸವಾಯಿತು.

ಅವನನ್ನು ವರ್ಷಗಟ್ಟಲೆ ನೋಡಿದ ಚಿಕಿತ್ಸಾಲಯದಲ್ಲಿ ‘ಅಸ್ತಮಾ’ ಎಂದು ಬರೆದುಕೊಟ್ಟಿದ್ದರು. ಮಳೆಗಾಲ ಬಂತೆಂದರೆ ನೆಬ್ಯುಲೈಸರ್, ಒಂದು ಚುಚ್ಚುಮದ್ದು, ಕೆಮ್ಮಿನ ಔಷಧಿ. ತಾತ್ಕಾಲಿಕವಾಗಿ ಆರಾಮ, ಮರಳಿ ಅದೇ ಕಥೆ. ಒಮ್ಮೆಯೂ ಅವನಿಂದ ಯಂತ್ರಕ್ಕೆ ಊದಿಸಿ ನೋಡಲಿಲ್ಲ. ಆ ಚಿಕಿತ್ಸಾಲಯದ ಹೆಸರು ಹೇಳಿ ಯಾರನ್ನೂ ನೋಯಿಸುವ ಉದ್ದೇಶ ನನಗಿಲ್ಲ. ನಮ್ಮ ಜಿಲ್ಲೆಗಳಲ್ಲಿ ಇದು ಒಂದು ಚಿಕಿತ್ಸಾಲಯದ ಕಥೆಯೂ ಅಲ್ಲ. ರಕ್ತದೊತ್ತಡ ನೋಡದೆ ಯಾರೂ ಬಿಪಿ ಮಾತ್ರೆ ಕೊಡುವುದಿಲ್ಲ, ರಕ್ತ ಪರೀಕ್ಷೆ ಮಾಡದೆ ಯಾರೂ ಸಕ್ಕರೆ ಕಾಯಿಲೆ ಎನ್ನುವುದಿಲ್ಲ. ಶ್ವಾಸಕೋಶದ ಕಾಯಿಲೆಗೆ ಮಾತ್ರ ಅಂದಾಜಿನ ಮೇಲೆ ದಶಕಗಟ್ಟಲೆ ಚಿಕಿತ್ಸೆ ನಡೆಯುತ್ತದೆ. ಈ ಪತ್ರದಲ್ಲಿ ನನ್ನ ಮುಖ್ಯ ದೂರು ಇದೇ.

ಕೊನೆಗೊಮ್ಮೆ ದೊಡ್ಡ ಆಸ್ಪತ್ರೆಯೊಂದರ ಶ್ವಾಸಕೋಶ ವಿಭಾಗಕ್ಕೆ ಅವನನ್ನು ಕರೆದೊಯ್ದೆ. ಅಲ್ಲಿ ಮೊತ್ತಮೊದಲು ಮಾಡಿದ್ದೇ ಸ್ಪೈರೊಮೆಟ್ರಿ. ಮೂಗಿಗೆ ಚಿಮಟ ಹಾಕಿ, ರಟ್ಟಿನ ಕೊಳವೆಯನ್ನು ತುಟಿಗಳಿಂದ ಬಿಗಿಹಿಡಿಸಿ, “ಉಸಿರು ತುಂಬಿಕೊಳ್ಳಿ... ಈಗ ಊದಿ, ಊದಿ, ಇನ್ನೂ, ಇನ್ನೂ, ಬಿಡಬೇಡಿ” ಎಂದು ತಂತ್ರಜ್ಞೆ ಹುಡುಗಿ ಹುರಿದುಂಬಿಸುತ್ತಿದ್ದಳು. ಅಣ್ಣನ ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಪರದೆಯ ಮೇಲೆ ಗೆರೆ ಮೇಲೇರಬೇಕಾದಷ್ಟು ಏರಲೇ ಇಲ್ಲ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ, ಅವನ ವಯಸ್ಸು ಎತ್ತರಕ್ಕೆ ಇರಬೇಕಾದುದರ ಮೂರನೇ ಒಂದು ಭಾಗದಷ್ಟು. ಇನ್ಹೇಲರ್ ಎಳೆಸಿ ಮತ್ತೆ ಊದಿಸಿದರೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಅಸ್ತಮಾ ಅಲ್ಲ, ಸಿಒಪಿಡಿ ಎಂದರು. ಇಷ್ಟು ತಿಳಿಯಲು ಹಿಡಿದದ್ದು ಒಂದು ಗಂಟೆಗಿಂತ ಕಡಿಮೆ. ಆ ಯಂತ್ರವಾದರೂ ಎಷ್ಟು ದೊಡ್ಡದು? ಮೇಜಿನ ಮೂಲೆಯಲ್ಲಿ ಇಡಬಹುದಾದಷ್ಟು.

ವಾಲ್ವ್ ಬಗ್ಗೆ ಕೇಳಿದಾಗ ಅಲ್ಲಿನ ವೈದ್ಯರು ತಾಳ್ಮೆಯಿಂದ ವಿವರಿಸಿದರು. ಬೀಡಿ ಬಿಟ್ಟು ಕನಿಷ್ಠ ನಾಲ್ಕು ತಿಂಗಳಾದರೂ ಆಗಿರಬೇಕು. ಔಷಧಿಗಳನ್ನೆಲ್ಲ ಕ್ರಮಬದ್ಧವಾಗಿ ತೆಗೆದುಕೊಂಡು, ಶ್ವಾಸಕೋಶದ ವ್ಯಾಯಾಮ ತರಬೇತಿಯನ್ನೂ ಮುಗಿಸಿ, ಆದರೂ ಏದುಸಿರು ಉಳಿದವರಿಗೆ ಮಾತ್ರ ಇದರ ಯೋಚನೆ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಎರಡೂ ಕೆನ್ನೆಗಳನ್ನು ಅಂಗೈಯಿಂದ ಒತ್ತಿ ಹಿಡಿಸಿ ಉಸಿರಾಡಿಸುವ ಪರೀಕ್ಷೆಯೊಂದಿದೆ. ಪೂರ್ತಿ ಊದಿದ ಮೇಲೂ ಎದೆಯೊಳಗೆ ಎಷ್ಟು ಗಾಳಿ ಉಳಿಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಅದು ಇರಬೇಕಾದುದಕ್ಕಿಂತ ಬಹಳ ಹೆಚ್ಚಿದ್ದರೆ ಮಾತ್ರ ವಾಲ್ವಿನಿಂದ ಲಾಭ. ಬಳಿಕ ಸಿಟಿ ಸ್ಕ್ಯಾನ್, ಹೃದಯದ ಎಕೋ, ಆರು ನಿಮಿಷದಲ್ಲಿ ಎಷ್ಟು ಮೀಟರ್ ನಡೆಯುತ್ತಾರೆಂಬ ಲೆಕ್ಕ.

ಇವೆಲ್ಲ ಸರಿಹೊಂದಿದರೂ ಒಂದು ಪ್ರಶ್ನೆ ಉಳಿಯುತ್ತದೆ, ಬಹುಮಂದಿಗೆ ಬಾಗಿಲು ಮುಚ್ಚುವುದು ಅಲ್ಲಿಯೇ. ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡದ್ದಕ್ಕೆ ಎರಡು. ಹಾಲೆಗಳ ನಡುವೆ ಸೀಳುಗೆರೆಯಿದೆ. ಅದು ತುದಿಯಿಂದ ತುದಿಯವರೆಗೆ ಪೂರ್ತಿಯಾಗಿದ್ದರೆ ಒಂದು ಹಾಲೆಯ ಗಾಳಿ ಇನ್ನೊಂದಕ್ಕೆ ನುಸುಳುವುದಿಲ್ಲ. ಕೆಲವರಿಗೆ ಆ ಗೆರೆ ಅರ್ಧಕ್ಕೇ ನಿಂತಿರುತ್ತದೆ. ಅಂಥವರಿಗೆ ಮುಂಬಾಗಿಲಿಗೆ ವಾಲ್ವ್ ಹಾಕಿದರೂ ಪಕ್ಕದ ಹಾಲೆಯಿಂದ ಗಾಳಿ ಬಂದು ತುಂಬಿಕೊಳ್ಳುತ್ತಲೇ ಇರುತ್ತದೆ. ಹಾಲೆ ಕುಗ್ಗುವುದೇ ಇಲ್ಲ. ಹಣ ಹೋಯಿತು, ಅಪಾಯ ಮಾತ್ರ ಉಳಿಯಿತು. ಸಿಟಿ ಸ್ಕ್ಯಾನ್ ನೋಡಿ ಇದನ್ನು ಅಂದಾಜು ಮಾಡುತ್ತಾರೆ. ಅನುಮಾನವಿದ್ದರೆ ಬ್ರಾಂಕೋಸ್ಕೋಪಿನ ಮೂಲಕ ತುದಿಯಲ್ಲಿ ಬಲೂನಿರುವ ಸಣ್ಣ ನಳಿಕೆ ಇಳಿಸಿ, ಆ ಹಾಲೆಯ ದಾರಿ ಮುಚ್ಚಿ, ಒಳಗಿನಿಂದ ಗಾಳಿ ಬರುವುದು ನಿಲ್ಲುತ್ತದೆಯೋ ಇಲ್ಲವೋ ಎಂದು ಅಳೆಯುತ್ತಾರೆ.

ಅಣ್ಣನಿಗೆ ಗಾಳಿ ನಿಲ್ಲಲಿಲ್ಲ. “ನಿಮಗೆ ವಾಲ್ವ್ ಹಾಕಿದರೆ ನಾವು ಮೋಸ ಮಾಡಿದ ಹಾಗಾಗುತ್ತದೆ” ಎಂದರು ವೈದ್ಯರು. ಹಾಕಿಯೇಬಿಡೋಣ ಎನ್ನದೆ, ನೇರವಾಗಿ ಬೇಡ ಎಂದ ಆ ಮಾತಿಗೆ ನಾನು ಚಿರಋಣಿ. ಹುಟ್ಟಿನಿಂದಲೇ ಬಂದ ಒಂದು ಗೆರೆಯ ಮೇಲೆ ಇದು ನಿಂತಿದೆ. ಇದರಲ್ಲಿ ರೋಗಿಯ ತಪ್ಪಿಲ್ಲ, ಆಸ್ಪತ್ರೆಯ ತಪ್ಪೂ ಇಲ್ಲ. ವಾಲ್ವ್ ಸಿಗದವರ ಮನೆಯವರು ತಮ್ಮಲ್ಲಿ ಹಣ ಸಾಲದ್ದಕ್ಕೇ ಹೀಗಾಯಿತೆಂದು ಕೊರಗುವುದನ್ನು ನೋಡಿದ್ದೇನೆ. ಅವರು ಈ ಸಾಲುಗಳನ್ನು ಓದಬೇಕು.

ಅದೇ ವಾರ್ಡಿನಲ್ಲಿ ಮುಲ್ಕಿ ಕಡೆಯ ಒಬ್ಬರಿದ್ದರು. ಸರ್ವಿಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಮಂಗಳೂರು ಉಡುಪಿ ನಡುವೆ ಓಡಾಡಿದವರು. ಅವರ ಸೀಳುಗೆರೆ ಪೂರ್ತಿಯಾಗಿತ್ತು. ಎಡಗಡೆಯ ಮೇಲಿನ ಹಾಲೆಗೆ ವಾಲ್ವ್ ಹಾಕಿದರು. ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿ ಕುಳಿತು ಗಂಜಿ ಕುಡಿಯುತ್ತಿದ್ದವರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡರು. ಚಮಚ ನೆಲಕ್ಕೆ ಬಿತ್ತು. ತುಟಿ ನೀಲಿಯಾಗುವಷ್ಟರಲ್ಲಿ ದಾದಿಯರು ಓಡಿಬಂದರು. ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡಿತ್ತು. ಎಕ್ಸ್‌ರೇ ಆಯಿತು, ಪಕ್ಕೆಯಲ್ಲಿ ತೂತು ಮಾಡಿ ನಳಿಕೆ ಹಾಕಿದರು, ಮಂಚದ ಕೆಳಗಿಟ್ಟ ಬಾಟಲಿಯ ನೀರಿನಲ್ಲಿ ಗುಳ್ಳೆಗಳು ಏಳತೊಡಗಿದವು. ಅವರ ಹೆಂಡತಿ ಕಣ್ಣು ಮಿಟುಕಿಸದೆ ಆ ಬಾಟಲಿಯನ್ನೇ ನೋಡುತ್ತ ಕುಳಿತಿದ್ದರು. ಗುಳ್ಳೆ ನಿಂತ ಮೇಲೆ ನಳಿಕೆ ತೆಗೆದು ಮನೆಗೆ ಕಳುಹಿಸಿದರು. ಈಗ ಅವರು ಸ್ನಾನಕ್ಕೆ ಸ್ಟೂಲ್ ಬೇಡ ಎನ್ನುತ್ತಾರೆ, ಮೀನು ಮಾರುಕಟ್ಟೆಗೆ ತಾವೇ ಹೋಗಿ ಬಂಗುಡೆ ಆರಿಸಿ ತರುತ್ತಾರೆ. ಅವರ ಫೋನ್ ಬಂದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಈ ಚಿಕಿತ್ಸೆಯ ಬೆಲೆ ನನಗೆ ಚೆನ್ನಾಗಿ ತಿಳಿದಿದೆ. ಅದನ್ನು ಕೀಳುಮಾಡಲು ನಾನು ಬರೆಯುತ್ತಿಲ್ಲ.

ಆದರೆ ‘ಕತ್ತರಿಯಿಲ್ಲ, ಹೊಲಿಗೆಯಿಲ್ಲ’ ಎಂದು ಓದಿದವರಿಗೆ ಆ ಬಾಟಲಿಯ ವಿಷಯವೂ ತಿಳಿದಿರಬೇಕು. 2018ರಲ್ಲಿ ಪ್ರಕಟವಾದ ಲಿಬರೇಟ್ ಎಂಬ ಅಧ್ಯಯನದಲ್ಲಿ 190 ರೋಗಿಗಳಿದ್ದರು, ಅವರಲ್ಲಿ 128 ಮಂದಿಗೆ ವಾಲ್ವ್. ಅದೂ ಹಾಲೆಯಿಂದ ಹಾಲೆಗೆ ಗಾಳಿ ನುಸುಳದವರನ್ನೇ ಹೆಕ್ಕಿ ಆರಿಸಿದ ಗುಂಪು. ಒಂದು ವರ್ಷದ ಬಳಿಕ ವಾಲ್ವ್ ಹಾಕಿಸಿಕೊಂಡವರಲ್ಲಿ ಶೇ 47.7 ಮಂದಿಗೆ ಊದುವ ಸಾಮರ್ಥ್ಯ ಕನಿಷ್ಠ ಶೇ 15ರಷ್ಟು ಹೆಚ್ಚಿತ್ತು. ಔಷಧಿಯಲ್ಲೇ ಮುಂದುವರಿದವರಲ್ಲಿ ಅಷ್ಟು ಸುಧಾರಿಸಿದವರು ಶೇ 16.8. ಇದು ಸಣ್ಣ ವ್ಯತ್ಯಾಸವೇನಲ್ಲ. ಜೊತೆಗೆ ಮೊದಲ 45 ದಿನಗಳಲ್ಲಿ ವಾಲ್ವ್ ಹಾಕಿಸಿಕೊಂಡ ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಆ ಕಂಡಕ್ಟರಿಗೆ ಆದಂತೆ ಗಾಳಿ ಸೋರಿತು, ನಾಲ್ವರು ತೀರಿಕೊಂಡರು. ಹೀಗೆ ಸೋರುವುದು ಬಹುಪಾಲು ಮೊದಲ ಮೂರು ದಿನಗಳಲ್ಲೇ. ಅದಕ್ಕೇ ಕನಿಷ್ಠ ಮೂರು ರಾತ್ರಿ ಆಸ್ಪತ್ರೆಯಲ್ಲಿ ಇರಿಸಿಕೊಳ್ಳುವುದು. ಎರಡನೆಯ ದಿನವೇ “ಆರಾಮಾಗಿದ್ದೇನೆ, ಬಿಡುಗಡೆ ಮಾಡಿ” ಎಂದು ಹಟ ಹಿಡಿಯುವ ರೋಗಿಯ ಮನೆಯವರು ಇದನ್ನು ನೆನಪಿಟ್ಟುಕೊಳ್ಳಬೇಕು. ಮನೆಗೆ ಬಂದ ಮೇಲೂ ಹಠಾತ್ ಎದೆನೋವು, ದಮ್ಮು ಬಂದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು, ವಾಲ್ವ್ ಇರುವ ವಿಷಯವನ್ನು ಅಲ್ಲಿನ ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು.

ಅಣ್ಣನ ತಪಾಸಣೆಯ ದಿನ ಇನ್ನೊಂದು ಘಟನೆ ನಡೆಯಿತು. ಜೊತೆಗೆ ಬಂದಿದ್ದ ಅತ್ತಿಗೆ ಬೆಂಚಿನಲ್ಲಿ ಕುಳಿತು ಸೆರಗು ಬಾಯಿಗೆ ಒತ್ತಿಕೊಂಡು ಕೆಮ್ಮುತ್ತಿದ್ದರು. ನಮ್ಮ ಮನೆಯಲ್ಲಿ ಆ ಕೆಮ್ಮಿಗೆ ಯಾರೂ ಕಿವಿಗೊಡುವುದಿಲ್ಲ; ಅದು ಅತ್ತಿಗೆಯ ಜೊತೆಗೇ ಇರುವ ಸದ್ದು. ತಂತ್ರಜ್ಞೆಯೇ ಕೇಳಿದಳು: “ಅಮ್ಮಾ, ನೀವೂ ಒಮ್ಮೆ ಊದುತ್ತೀರಾ?” ವೈದ್ಯರಿಂದ ಚೀಟಿ ಬರೆಸಿಕೊಂಡು ಬಂದು ಊದಿಸಿದೆವು. ಅತ್ತಿಗೆಗೂ ಅದೇ ಕಾಯಿಲೆ, ಅಣ್ಣನಷ್ಟು ಮುಂದುವರಿದಿಲ್ಲ ಅಷ್ಟೇ. ಬದುಕಿನಲ್ಲಿ ಒಂದು ಬೀಡಿಯನ್ನೂ ಸೇದಿದವರಲ್ಲ.

ಆ ಹೊಗೆ ಎಲ್ಲಿಂದ ಬಂತೆಂದು ಕರಾವಳಿಯ ಹೆಂಗಸರನ್ನು ಕೇಳಿ. 2016ರ ಮೇ ತಿಂಗಳಲ್ಲಿ ಉಜ್ವಲಾ ಯೋಜನೆ ಬಂತು, ಗ್ಯಾಸ್ ಒಲೆ ಮನೆಮನೆಗೆ ತಲುಪಿತು, ಒಳ್ಳೆಯದೇ ಆಯಿತು. ಆದರೆ ನಮ್ಮಲ್ಲಿ ಬಚ್ಚಲುಮನೆಯ ಹಂಡೆಯ ಒಲೆ ಇನ್ನೂ ಆರಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ತೆಂಗಿನ ಮಡಲು, ಸಿಪ್ಪೆ, ಗೆರಟೆ ತುರುಕಿ, ಊದುಕೊಳವೆಗೆ ಬಾಯಿಟ್ಟು ಊದಿ ಬೆಂಕಿ ಮಾಡುವುದು ಹೆಂಗಸರ ಪಾಲು. ಮನೆಗೆ ಗ್ಯಾಸ್ ಬಂದರೂ ಕುಚ್ಚಲಕ್ಕಿ ಬೇಯಲು ಹೊತ್ತು ಹಿಡಿಯುತ್ತದೆ, ಸಿಲಿಂಡರ್ ಬೇಗ ಮುಗಿಯುತ್ತದೆ ಎಂದು ಅನ್ನ ಮಾತ್ರ ಸೌದೆಯ ಒಲೆಯಲ್ಲಿ ಮಾಡುವ ಮನೆಗಳು ಎಷ್ಟಿಲ್ಲ! ಆಟಿಯ ಮಳೆಯಲ್ಲಿ ಸೌದೆ ಒದ್ದೆ, ಮಡಲು ಒದ್ದೆ, ಕಿಟಕಿ ಮುಚ್ಚಿದೆ. ಉರಿಗಿಂತ ಹೊಗೆಯೇ ಹೆಚ್ಚು. ಬೆಳಗಿನ ಹೊತ್ತು ಮನೆಭೇಟಿಗೆ ಹೋದಾಗ ಹಿಂಬಾಗಿಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು ಮಗುವಿನ ತಾಯಿಕಾರ್ಡು ಚಾಚಿದ ಅದೆಷ್ಟು ಹೆಂಗಸರ ಮುಖ ನನ್ನ ನೆನಪಿನಲ್ಲಿದೆ. ಅವರೆಲ್ಲ ಈಗ ಐವತ್ತು ದಾಟಿದ್ದಾರೆ.

ನಮ್ಮ ದೇಶದಲ್ಲಿ 2016ರಲ್ಲಿ 5.53 ಕೋಟಿ ಮಂದಿಗೆ ಸಿಒಪಿಡಿ ಇತ್ತೆಂದು 2018ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಕಾಯಿಲೆಯಿಂದಾಗುವ ಸಾವು ಮತ್ತು ನರಳಾಟ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಅದರಲ್ಲಿ ಶೇ 53.7ಕ್ಕೆ ಕಾರಣ ವಾಯುಮಾಲಿನ್ಯ, ಅಂದರೆ ಹೊರಗಿನ ಗಾಳಿ ಮತ್ತು ಮನೆಯೊಳಗಿನ ಹೊಗೆ. ತಂಬಾಕಿನ ಪಾಲು ಶೇ 25.4. ಬೀಡಿ ಸೇದದವರಿಗೆ ಈ ಕಾಯಿಲೆ ಬಾರದು ಎಂಬ ನಂಬಿಕೆಯಿಂದ ನಮ್ಮ ಹೆಂಗಸರ ಕೆಮ್ಮನ್ನು ಯಾರೂ ವಿಚಾರಿಸುತ್ತಿಲ್ಲ.

ಇಲಾಖೆಗೆ ಇದು ಗೊತ್ತಿಲ್ಲವೆಂದಲ್ಲ. ಮೂವತ್ತು ದಾಟಿದ ಪ್ರತಿಯೊಬ್ಬರ ಮನೆಗೆ ಹೋಗಿ ಆಶಾ ಕಾರ್ಯಕರ್ತೆ ತುಂಬುವ ಸಿಬ್ಯಾಕ್ ನಮೂನೆಯಲ್ಲಿ ಅಡುಗೆಗೆ ಯಾವ ಉರುವಲು ಬಳಸುತ್ತೀರಿ, ಹೊಗೆ ಧೂಳಿನ ಕಾರ್ಖಾನೆಯಲ್ಲಿ ದುಡಿದಿದ್ದೀರಾ, ಉಸಿರಾಟದ ತೊಂದರೆಯಿದೆಯೇ ಎಂದು ಪ್ರಶ್ನೆಗಳಿವೆ. ಒಳ್ಳೆಯ ಪ್ರಶ್ನೆಗಳು, ಆ ನಮೂನೆಯನ್ನು ಸಿದ್ಧಪಡಿಸಿದವರಿಗೆ ಹಳ್ಳಿಯ ಅಡುಗೆಮನೆಯ ಅರಿವಿದೆ. ಆಶಾ ತಂಗಿಯರು ಉರಿಬಿಸಿಲಿನಲ್ಲಿ, ಜಡಿಮಳೆಯಲ್ಲಿ ತಿರುಗಿ ‘ಸೌದೆ’, ‘ಹೌದು’, ‘ಹೌದು’ ಎಂದು ಗುರುತು ಹಾಕಿ ತರುತ್ತಾರೆ. ಬಿಪಿ ಇದ್ದರೆ ಮುಂದೆ ಅಳತೆಯ ಪಟ್ಟಿ ಇದೆ, ಸಕ್ಕರೆ ಇದ್ದರೆ ಗ್ಲುಕೋಮೀಟರ್ ಇದೆ. ಉಸಿರಿನ ತೊಂದರೆಗೆ ‘ಹೌದು’ ಎಂದವರಿಗೆ ಮುಂದೇನು? ನಾನು ಸೇವೆಯಲ್ಲಿದ್ದಾಗ ಆ ಸಾಲಿನ ಮುಂದೆ ಬರೆಯಲು ನಮ್ಮ ಬಳಿ ಏನೂ ಇರುತ್ತಿರಲಿಲ್ಲ. ಅದು ಈಗಲೂ ನನ್ನನ್ನು ಬಾಧಿಸುತ್ತದೆ.

ಆದ್ದರಿಂದ ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲಾಡಳಿತಗಳಲ್ಲಿ ನನ್ನ ವಿನಂತಿ ಇಷ್ಟು. ಎಲ್ಲ ತಾಲೂಕು ಆಸ್ಪತ್ರೆಗಳಲ್ಲಿ ಒಂದೊಂದು ಸ್ಪೈರೊಮೀಟರ್ ಇರಲಿ, ಅದನ್ನು ಸರಿಯಾಗಿ ಊದಿಸಲು ಬಲ್ಲ ಒಬ್ಬರಾದರೂ ಇರಲಿ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಊದಿಸುವವರಿಗೆ ತರಬೇತಿಯಿಲ್ಲದಿದ್ದರೆ ಯಂತ್ರ ತಪ್ಪು ಹೇಳುತ್ತದೆ, ಇಲ್ಲವೇ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ವಾರಕ್ಕೆ ಒಂದು ದಿನ ಗೊತ್ತುಮಾಡಿ, ಸಿಬ್ಯಾಕ್ ನಮೂನೆಯಲ್ಲಿ ‘ಹೌದು’ ಎಂದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಆ ದಿನ ಕರೆಸಲಿ. ಹೆಂಗಸರನ್ನು ಮೊದಲು ಕರೆಸಲಿ.

ಎರಡನೆಯದು ಶ್ವಾಸಕೋಶದ ಪುನಶ್ಚೇತನ ತರಬೇತಿ. ವಾಲ್ವ್ ಸಿಗದ ಅಣ್ಣನಿಗೆ ಸಿಕ್ಕಿದ್ದು ಇದು, ಅವನನ್ನು ಮೇಲೆತ್ತಿದ್ದೂ ಇದು. ಆರರಿಂದ ಹನ್ನೆರಡು ವಾರ ನಡೆಯುವ ತರಬೇತಿ. ತುಟಿಗಳನ್ನು ಸಣ್ಣಗೆ ಮಾಡಿ ನಿಧಾನವಾಗಿ ಉಸಿರು ಬಿಡುವುದು, ಹಂತಹಂತವಾಗಿ ನಡಿಗೆ ಹೆಚ್ಚಿಸುವುದು, ಕಾಲಿನ ಮಾಂಸಖಂಡಗಳಿಗೆ ಬಲ ತರುವುದು, ಕಫ ತೆಗೆಯುವುದು, ಇನ್ಹೇಲರನ್ನು ಸರಿಯಾಗಿ ಎಳೆದುಕೊಳ್ಳುವುದು. ಅಣ್ಣ ಇನ್ಹೇಲರ್ ಒತ್ತಿದ ಮೇಲೆ ಉಸಿರೆಳೆಯುತ್ತಿದ್ದ. ಔಷಧಿಯೆಲ್ಲ ನಾಲಗೆಯ ಮೇಲೆಯೇ ಉಳಿಯುತ್ತಿತ್ತು. ಫಿಸಿಯೋಥೆರಪಿಯ ಹುಡುಗ ಅವನ ಮುಂದೆ ಕುಳಿತು, ಇನ್ಹೇಲರಿಗೆ ಸಿಕ್ಕಿಸುವ ಸ್ಪೇಸರ್ ಎಂಬ ಕೊಳವೆ ಹಿಡಿಸಿ, ಕೈ ಮತ್ತು ಉಸಿರು ಹೊಂದುವ ತನಕ ಮಾಡಿಸಿದ. ಆ ಒಂದು ತಿದ್ದುಪಡಿಯಿಂದಲೇ ಅಣ್ಣನ ರಾತ್ರಿಗಳು ಬದಲಾದವು. ಮೆಟ್ಟಿಲು ಹತ್ತುವಾಗ ಕಾಲೆತ್ತುವ ಗಳಿಗೆಗೆ ಉಸಿರು ಬಿಡಬೇಕೆಂಬುದನ್ನು ಕಲಿತ. ಈಗ ನಡುವೆ ಕೂರದೆ ಅಂಗಳಕ್ಕೆ ಬರುತ್ತಾನೆ. ಆಸ್ಪತ್ರೆಯ ಉದ್ದನೆಯ ಕಾರಿಡಾರ್, ಎರಡು ಗುರುತುಗಳು, ಬೆರಳಿಗೆ ಹಾಕುವ ಆಕ್ಸಿಮೀಟರ್, ಒಬ್ಬ ಫಿಸಿಯೋಥೆರಪಿಸ್ಟ್; ಇದಕ್ಕೆ ಬೇಕಾದದ್ದು ಇಷ್ಟೇ. ಉಡುಪಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಾಗಲಿ, 1848ರಿಂದ ಬಡವರನ್ನು ಕಾಯುತ್ತ ಬಂದಿರುವ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್ಲಾಕ್‌ನಲ್ಲಾಗಲಿ ಇದು ಹೊರರೋಗಿಗಳಿಗೆ ನಿಯಮಿತವಾಗಿ ನಡೆಯುವ ಶಾಲೆಯಾಗಬೇಕು. ಕುಂದಾಪುರ, ಕಾರ್ಕಳ, ಪುತ್ತೂರು, ಬೆಳ್ತಂಗಡಿಗಳಿಗೂ ಬರಬೇಕು. ಈ ತರಬೇತಿ ಮುಗಿಸದವರಿಗೆ ವಾಲ್ವ್ ಹಾಕುವುದಿಲ್ಲವಾದ್ದರಿಂದ, ತರಬೇತಿ ಸಿಗದ ಊರಿನವರಿಗೆ ವಾಲ್ವಿನ ದಾರಿಯೂ ಮುಚ್ಚಿದಂತೆಯೇ.

ಮೂರನೆಯದು ಹಣ. ಹೊರದೇಶದಿಂದ ಬರುವ ವಾಲ್ವು, ಒಬ್ಬರಿಗೆ ಹಲವು ಬೇಕು, ಮೇಲೆ ತಪಾಸಣೆ, ಆಸ್ಪತ್ರೆ ವಾಸ, ಲಕ್ಷಗಳ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ರಕ್ಷಣೆಯಿದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, 1.5 ಲಕ್ಷದ ಮಿತಿಯೊಳಗೆ. ಎಲ್ಲ ಪರೀಕ್ಷೆಗಳಲ್ಲೂ ಅರ್ಹರೆಂದು ಖಚಿತವಾದ ಬಡ ರೋಗಿಗೆ ವಾಲ್ವಿನ ಪೂರ್ತಿ ವೆಚ್ಚವನ್ನು, ಗಾಳಿ ಸೋರಿದರೆ ಬೇಕಾಗುವ ಹೆಚ್ಚಿನ ದಿನಗಳ ವೆಚ್ಚವನ್ನೂ ಸೇರಿಸಿ, ಯೋಜನೆ ಭರಿಸಬೇಕು. ಅದರ ವಿವರವನ್ನು ಕನ್ನಡದಲ್ಲಿ ಎಲ್ಲ ಆಸ್ಪತ್ರೆಗಳ ಫಲಕದಲ್ಲಿ ಹಾಕಬೇಕು. ಅರ್ಹತೆ ನಿರ್ಧರಿಸದೆ ಹಣ ಮಾತ್ರ ಕೊಡುವುದಾದರೆ ಬೇಡ. ಅಂಥದ್ದು ಅಣ್ಣನಂಥವರಿಗೆ ಅಪಾಯ.

ಈಗ ತಮ್ಮಲ್ಲಿ ಒಂದು ಮನವಿ. ನವೆಂಬರ್ ತಿಂಗಳ ಮೂರನೆಯ ಬುಧವಾರ ವಿಶ್ವ ಸಿಒಪಿಡಿ ದಿನ. ಆ ದಿನದ ಸಂಚಿಕೆಯಲ್ಲಿ ಎರಡೂ ಜಿಲ್ಲೆಗಳ ಯಾವ ಯಾವ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳಲ್ಲಿ ಸ್ಪೈರೊಮೆಟ್ರಿ ಮಾಡುತ್ತಾರೆ, ವಾರದ ಯಾವ ದಿನ, ಎಷ್ಟು ಹೊತ್ತಿಗೆ, ಶುಲ್ಕವೆಷ್ಟು ಎಂಬುದನ್ನು ತಾಲೂಕುವಾರು ವಿಚಾರಿಸಿ ಪ್ರಕಟಿಸಿ. ಪುನಶ್ಚೇತನ ತರಬೇತಿ ಇರುವ ಕಡೆಗಳನ್ನೂ ಅದರಲ್ಲೇ ಸೇರಿಸಿ. ಪಟ್ಟಿ ಚಿಕ್ಕದಾದರೂ ಚಿಂತೆಯಿಲ್ಲ, ಯಾವ ತಾಲೂಕಿನ ಮುಂದೆ ಖಾಲಿ ಬಿಟ್ಟಿದೆ ಎಂಬುದು ಅಧಿಕಾರಿಗಳ ಕಣ್ಣಿಗೂ ಬೀಳಲಿ. ಆ ಪುಟವನ್ನು ನಮ್ಮ ಉಪಕೇಂದ್ರದ ಗೋಡೆಗೆ ಅಂಟಿಸುವ ಕೆಲಸ ನನ್ನದು. ಆಸುಪಾಸಿನ ಆಶಾ ಕಾರ್ಯಕರ್ತೆಯರ ಜೊತೆ ಈಗಾಗಲೇ ಮಾತನಾಡಿದ್ದೇನೆ, ಅವರೂ ಕಾಯುತ್ತಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಹಿರಿಯ ಆರೋಗ್ಯ ಸಹಾಯಕಿ,
ಕಟಪಾಡಿ, ಉಡುಪಿ ಜಿಲ್ಲೆ